ಹತ್ತೊಂಬತ್ತು ಗಂಟೆಯ ಯುದ್ಧ

ಮೊದಲ ಹೊಡೆತ ಕಾಣಿಸಿದಾಗ ನಾನು ನಿಯಂತ್ರಣ ಕೊಠಡಿಯಲ್ಲಿ ಒಬ್ಬನೇ ಕೂತು ಮಂಡಕ್ಕಿ ತಿನ್ನುತ್ತಿದ್ದೆ. ಪರದೆಯ ಮೇಲೆ ಒಂದು ನಕ್ಷತ್ರದ ಬೆಳಕಿನ ಗೆರೆ ಎಂದಿನಂತೆ ಎಡದಿಂದ ಬಲಕ್ಕೆ ಸಾಗುತ್ತಿತ್ತು, ಅರ್ಧ ನಿಮಿಷಕ್ಕೊಂದು ಚುಕ್ಕಿಯಂತೆ. ಒಂದು ಚುಕ್ಕಿ ಮಾತ್ರ ಗೆರೆಯನ್ನು ಬಿಟ್ಟು ಮೇಲೆ ನಿಂತಿತ್ತು. ಅದರ ಮುಂದಿನದು ಮತ್ತೆ ಗೆರೆಯಲ್ಲೇ ಇತ್ತು. ಹತ್ತು ಸಾವಿರ ಪಾಲಿನಲ್ಲಿ ನಾಲ್ಕು ಪಾಲು ಬೆಳಕು ಅರ್ಧ ನಿಮಿಷದ ಮಟ್ಟಿಗೆ ಹೆಚ್ಚಾಗಿ, ಮತ್ತೆ ಮೊದಲಿನಂತಾಗಿತ್ತು.

ಅದಾದ ಹದಿನಾಲ್ಕು ತಿಂಗಳಲ್ಲಿ, ನಮ್ಮ ದೇಶವೊಂದರಲ್ಲೇ, ಆ ನಾಲ್ಕು ಪಾಲಿಗಾಗಿ ಮುನ್ನೂರ ಹನ್ನೆರಡು ಜನ ಸತ್ತರು. ಅವರಲ್ಲಿ ಒಬ್ಬನನ್ನು ಕೊಂದವನು ನನ್ನ ತಮ್ಮ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ದೂರದರ್ಶಕ ಭೂಮಿಯಿಂದ ಐನೂರು ಕಿಲೋಮೀಟರಿಗೂ ಮೇಲೆ ಸುತ್ತುತ್ತಿತ್ತು. ಅಲ್ಲಿ ಗಾಳಿಯಿಲ್ಲ; ಆದ್ದರಿಂದ ನಕ್ಷತ್ರಗಳು ಮಿನುಗುವುದಿಲ್ಲ. ಕನ್ನಡಿಯ ಹಿಂದೆ ಅಂಗೈಯಗಲದ ಸಿಲಿಕಾನ್ ಬಿಲ್ಲೆ, ಅದರ ತುಂಬ ಕೋಟಿಗಟ್ಟಲೆ ಪಿಕ್ಸೆಲ್. ಬೆಳಕು ಬಿದ್ದ ಪಿಕ್ಸೆಲ್ಲಿನಲ್ಲಿ ಎಲೆಕ್ಟ್ರಾನುಗಳು ಕಳಚಿಕೊಂಡು ಶೇಖರವಾಗುತ್ತವೆ. ಅವನ್ನು ಎಣಿಸಿದರೆ ಅದೇ ನಕ್ಷತ್ರದ ಹೊಳಪು. ಕಣ್ಣಿಗಾಗಲಿ ಹಳೆಯ ಫಿಲ್ಮಿಗಾಗಲಿ ಇಂಥ ನಿಖರತೆ ಎಂದೂ ಸಿಕ್ಕಿರಲಿಲ್ಲ. ಎಣಿಕೆ ವಾದ ಮಾಡುವುದಿಲ್ಲ ಎಂಬ ಕಾರಣಕ್ಕೇ ನಾನು ಈ ಕೆಲಸಕ್ಕೆ ಬಂದವನು. ನನಗೆ ಮಾತು ಕಡಿಮೆ.

ಅಷ್ಟೂ ಪಿಕ್ಸೆಲ್‌ಗಳನ್ನು ಭೂಮಿಗೆ ಇಳಿಸಲು ಸಮಯ ಸಾಲದು. ಆದ್ದರಿಂದ ಪ್ರತಿ ನಕ್ಷತ್ರದ ಸುತ್ತ ಒಂದು ಪುಟ್ಟ ಕಿಟಕಿ ಕತ್ತರಿಸಿ ಅಷ್ಟನ್ನೇ ತರಿಸಿಕೊಳ್ಳುತ್ತೇವೆ. ಮೊದಲು ಆ ಕಿಟಕಿ ಹನ್ನೊಂದು ಪಿಕ್ಸೆಲ್ ಉದ್ದ, ಹನ್ನೊಂದು ಅಗಲ ಇತ್ತು. ನಕ್ಷತ್ರ ಇರುತ್ತಿದ್ದುದು ನಡುವಿನ ಇಪ್ಪತ್ತೈದರಲ್ಲಿ. ಸುತ್ತಲಿನ ತೊಂಬತ್ತಾರು ಪಿಕ್ಸೆಲ್ ಬರೀ ಕತ್ತಲು. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಆ ಕತ್ತಲನ್ನು ಕತ್ತರಿಸಿ ಹಾಕಿ ಕಿಟಕಿಯನ್ನು ಐದಕ್ಕೆ ಐದು ಮಾಡಿದೆ. ಒಂದು ನಕ್ಷತ್ರ ಬರುತ್ತಿದ್ದ ಜಾಗದಲ್ಲಿ ನಾಲ್ಕು ನಕ್ಷತ್ರ ಬಂದವು. ವಾರ್ಷಿಕ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಮೊದಲ ಹೊಡೆತದ ನಂತರ ಇನ್ನಷ್ಟು ಬಂದವು. ಒಮ್ಮೆ ಮೂರು, ಒಮ್ಮೆ ಏಳು, ಗುಂಪುಗುಂಪಾಗಿ. ನಕ್ಷತ್ರಕ್ಕೆ ಭೂಮಿಯಷ್ಟೇ ದೊಡ್ಡ ಗ್ರಹವೊಂದಿದೆ ಎಂದು ಮೊದಲೇ ಗೊತ್ತಿತ್ತು. ಹೊಡೆತದ ಗುಂಪುಗಳು ಹತ್ತೊಂಬತ್ತು ಗಂಟೆಗೊಮ್ಮೆ ಮರಳುತ್ತಿದ್ದವು. ಅಂದರೆ ಗ್ರಹ ತನ್ನ ಸುತ್ತ ತಿರುಗುವ ಕಾಲ ಹತ್ತೊಂಬತ್ತು ಗಂಟೆ ಎಂದುಕೊಂಡೆವು. ಒಂದೇ ಮಗ್ಗುಲು ನಮ್ಮೆಡೆಗೆ ಬಂದಾಗಲೆಲ್ಲ ಬೆಳಕು ಸಿಡಿಯುತ್ತಿತ್ತು. ನಮ್ಮ ಮುಖ್ಯಸ್ಥೆ ವಾರಿಜಾ ಮೇಡಂ ಲೆಕ್ಕ ಹಾಕಿ ಕನ್ನಡಕ ತೆಗೆದಿಟ್ಟರು. ಅಷ್ಟು ಬೆಳಕು ಬರಬೇಕಾದರೆ ಮನುಷ್ಯ ಮಾಡಿದ ಅತಿ ದೊಡ್ಡ ಬಾಂಬಿಗಿಂತ ಹದಿನೈದು ಸಾವಿರ ಪಟ್ಟು ದೊಡ್ಡದು ಸಿಡಿಯಬೇಕು.

"ಯಾರೋ ಯಾರನ್ನೋ ಸುಡ್ತಿದ್ದಾರೆ ಹಾಲೇಶ್," ಅಂದರು. "ಮೂವತ್ತೇಳು ವರ್ಷದ ಹಿಂದೆ."

ಬೆಳಕು ಇಲ್ಲಿಗೆ ಬರಲು ಅಷ್ಟು ವರ್ಷ ಬೇಕು. ಆ ಮಾತನ್ನು ನಾವು ಪ್ರತಿ ವರದಿಯಲ್ಲೂ ಬರೆದೆವು. ಯಾರೂ ಅದನ್ನು ಓದಲಿಲ್ಲ.

*

ಬೆಳಕು ಸಿಡಿಯುತ್ತಿದ್ದುದು ಹೊಡೆಯುವವರ ಕಡೆಯಿಂದ ಎಂದು ಪತ್ರಿಕೆಯವರು ತಾವೇ ತೀರ್ಮಾನಿಸಿ, ಆ ಮಗ್ಗುಲಿಗೆ ಮೂಡಣ ಎಂದೂ ಅದರ ಎದುರು ಮಗ್ಗುಲಿಗೆ ಪಡುವಣ ಎಂದೂ ಹೆಸರಿಟ್ಟರು. ಆ ವಾರ ನಾನು ದಾವಣಗೆರೆಗೆ ಹೋಗಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಮ್ಮ ಕೊಟ್ರೇಶ ನನ್ನ ಎದುರಿಗೆ ಮಣೆ ಎಳೆದುಕೊಂಡು ಕೂತ. ಅವನಿಗೆ ಮೋಟಾರು ರಿವೈಂಡಿಂಗ್ ಅಂಗಡಿ ಇತ್ತು. ಕೈಬೆರಳುಗಳಲ್ಲಿ ಸದಾ ವಾರ್ನಿಶ್ ವಾಸನೆ.

"ಅಣ್ಣ, ಯಾರು ಮದ್ಲು ಹೊಡ್ದಿದ್ದು?"

"ಮೂಡಣದವ್ರು."

"ಪಡುವಣದವ್ರು?"

"ಇನ್ನೂ ಸುಮ್ನದಾರೆ."

"ಎಷ್ಟ್ ದಿನ ಆತು?"

"ನಾಕ್ ವಾರ."

ಅವ್ವ ರೊಟ್ಟಿ ಮಗುಚುತ್ತ, "ಈ ಗೂಬೆ ಬಾಯಾಗೆ ನಾಕ್ ಮಾತು ಬಂತಲ್ಲಪ್ಪ ಇವತ್ತು," ಅಂದಳು. ಕೊಟ್ರೇಶ ನಗಲಿಲ್ಲ. ರೊಟ್ಟಿ ಮುರಿದು ಕೈಯಲ್ಲೇ ಹಿಡಿದಿದ್ದ. "ನಾಕ್ ವಾರ ಹೊಡಿಸ್ಕಂಡು ಸುಮ್ನದಾರಾ," ಅಂದ, ತನಗೇ ಎಂಬಂತೆ.

ಗ್ರಹದ ಮೇಲೆ ಸುಮ್ಮನಿದ್ದವರು ಇದ್ದಾರೆಂದು ನಾನು ನೋಡಿರಲಿಲ್ಲ. ಆ ಮಗ್ಗುಲಿನಿಂದ ಬೆಳಕು ಬಂದಿಲ್ಲ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಅದನ್ನು ಮೌನ ಎಂದವನು ನಾನು. ಮರುದಿನದಿಂದ ಕೊಟ್ರೇಶ ಅಂಗಡಿಗೆ ಬಂದವರಿಗೆಲ್ಲ, "ನಮ್ಮಣ್ಣ ಎಣಿಸೋದು ಅದನ್ನ, ಅವನೇ ಹೇಳ್ಯಾನೆ," ಎಂದು ಹೇಳತೊಡಗಿದ.

ಮೊದಲ ಹೊಡೆತವಾಗಿ ನಲವತ್ತೊಂದು ದಿನದ ನಂತರ ಪಡುವಣದಿಂದ ಮೊದಲ ಬೆಳಕು ಬಂತು. ಮೂಡಣದ್ದಕ್ಕಿಂತ ದೊಡ್ಡದು, ಸರಿಯಾಗಿ ಒಂಬತ್ತೂವರೆ ಗಂಟೆಯ ಅಂತರದಲ್ಲಿ. ಆ ದಿನ ಊರಲ್ಲಿ ಪಟಾಕಿ ಹೊಡೆದರು. ಹೊಡೆತ ತಿಂದೂ ತಾಳಿಕೊಂಡವರ ಪರವಾಗಿ ಕೆಲವರು ಎಡಗೈಗೆ ಬಿಳಿ ಪಟ್ಟಿ ಕಟ್ಟಿದರು. ಮೊದಲು ಹೊಡೆಯದೆ ಬದುಕಲಾಗದವರ ಪರವಾಗಿ ಕೆಲವರು ಬಲಗೈಗೆ ಕೆಂಪು ಕಟ್ಟಿದರು. ಮೂಡಣದವರು ಯಾಕೆ ಮೊದಲು ಹೊಡೆದರು ಎನ್ನುವುದಕ್ಕೆ ಕೆಂಪಿನವರ ಬಳಿ ಕಾರಣಗಳಿದ್ದವು. ಎಲ್ಲ ಕಾರಣಗಳೂ ಇಲ್ಲಿಯವೇ. ಅತ್ತೆಮನೆಯ ಅವಮಾನ, ಕೈತಪ್ಪಿದ ಕೆಲಸ, ಹಳೆಯ ಜಗಳ. ಪ್ರತಿಯೊಬ್ಬನಿಗೂ ಆ ಗ್ರಹದ ಮೇಲೆ ತನ್ನದೊಂದು ಸಿಟ್ಟು ಇಡಲು ಜಾಗ ಸಿಕ್ಕಿತು.

ಮೊದಲು ಕಾಲೇಜಿನಲ್ಲಿ ಒಬ್ಬನ ದವಡೆ ಮುರಿಯಿತು. ಆಮೇಲೆ ಬಸ್ಸಿನಲ್ಲಿ ಬಿಳಿ ಪಟ್ಟಿಯ ಹೆಂಗಸೊಬ್ಬಳ ಬೆರಳುಗಳನ್ನು ಬಾಗಿಲಿಗೆ ಕೊಟ್ಟು ಜಜ್ಜಿದರು. ಬೇರೊಂದು ಊರಲ್ಲಿ ಕೆಂಪು ಪಟ್ಟಿಯ ಹನ್ನೊಂದು ಜನರನ್ನು ಗೋದಾಮಿನಲ್ಲಿ ಕೂಡಿಹಾಕಿ ಬೆಂಕಿ ಕೊಟ್ಟರು. ನಮ್ಮ ಕೇಂದ್ರದ ಗಾಜುಗಳನ್ನು ಎರಡೂ ಕಡೆಯವರು ಒಡೆದರು, ಬೇರೆ ಬೇರೆ ದಿನ. ನಾವು ಕಿಟಕಿಗೆ ರಟ್ಟು ಹಚ್ಚಿಕೊಂಡು ಎಣಿಸುತ್ತಲೇ ಇದ್ದೆವು.

*

ತಿಮ್ಮೇಶ ನಮ್ಮ ಬೀದಿಯವನು. ಆಟೋ ಓಡಿಸುತ್ತಿದ್ದ. ಕೊಟ್ರೇಶನಿಗೆ ಟೈಫಾಯ್ಡ್ ಆದಾಗ ಅವನೇ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದ. ಅವನು ಕೆಂಪು ಕಟ್ಟಿದ್ದ. ಒಂದು ಮಂಗಳವಾರ ಮೂಡಣದ ಕಡೆಯಿಂದ ಒಂದೇ ಸರದಿಗೆ ಒಂಬತ್ತು ಹೊಡೆತ ಬಂದವು. ಅಲ್ಲಿಯವರೆಗೆ ಅಷ್ಟು ಬಂದಿರಲಿಲ್ಲ. ತಿಮ್ಮೇಶ ಆಟೋ ಸ್ಟ್ಯಾಂಡಿನಲ್ಲಿ ಪೇಡೆ ಹಂಚಿದ.

ಅಲ್ಲಿ ನಡೆದದ್ದನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಅದನ್ನು ನಾನು ಹನ್ನೊಂದು ಸಲ ನೋಡಿದ್ದೇನೆ. ಕೊಟ್ರೇಶ ನಡೆದುಕೊಂಡು ಬರುತ್ತಾನೆ. ತಿಮ್ಮೇಶ ಅವನ ಮುಂದೆ ಪೊಟ್ಟಣ ಹಿಡಿಯುತ್ತಾನೆ.

"ತಗಳೋ ಕೊಟ್ರ. ನಿಮ್ಮೋರ್ದು ತಿಥಿ ಊಟ."

"ಒಂಬತ್ತು ಬಿದ್ದಾವಲೇ. ಅಲ್ಲಿ ಹುಡ್ರು ಸತ್ತಿರ್ತಾವೆ."

"ಸಾಯ್ಲಿ ಬಿಡು. ಇನ್ನೊಂದ್ ತಗ."

ಕೊಟ್ರೇಶ ಆಟೋದ ಹಿಂದಿನಿಂದ ಜಾಕ್ ರಾಡ್ ಎಳೆಯುತ್ತಾನೆ. ಮೊದಲ ಏಟು ಕಿವಿಯ ಮೇಲೆ ಬೀಳುತ್ತದೆ. ತಿಮ್ಮೇಶ ಮಂಡಿಯೂರಿ ಕೂತು, ಪೇಡೆಯ ಪೊಟ್ಟಣವನ್ನು ಇನ್ನೂ ಎರಡು ಕೈಯಲ್ಲಿ ಹಿಡಿದೇ ಇರುತ್ತಾನೆ. ಎರಡನೆಯದಕ್ಕೆ ಅದು ಬೀಳುತ್ತದೆ. ಒಟ್ಟು ಹದಿನೇಳು ಏಟು. ಕೊನೆಯ ಹತ್ತಕ್ಕೆ ತಿಮ್ಮೇಶ ಅಲುಗುವುದಿಲ್ಲ, ಬರೀ ಅವನ ತಲೆ ಅಲುಗುತ್ತದೆ. ಕೊಟ್ರೇಶ ಅಳುತ್ತ ಹೊಡೆಯುತ್ತಿರುತ್ತಾನೆ. ಎಂದೂ ನೋಡದ ಮಕ್ಕಳಿಗಾಗಿ ಅವನು ಅಳುತ್ತಿದ್ದ.

ಪೊಲೀಸರು ಬರುವವರೆಗೆ ಅವನು ಅಲ್ಲೇ ಕೂತಿದ್ದ. ಬಿಳಿ ಪಟ್ಟಿಯವರು ಮರುದಿನ ಅವನ ಚಿತ್ರ ಹಿಡಿದು ಮೆರವಣಿಗೆ ಮಾಡಿದರು. ಆ ಮೆರವಣಿಗೆಯಲ್ಲಿ ಇನ್ನಿಬ್ಬರು ಸತ್ತರು.

*

ಕೇಂದ್ರಕ್ಕೆ ಮರಳಿದ ಮೇಲೆ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಮೇಡಂ ನನಗೆ ದೂರದರ್ಶಕದ ದಿನಚರಿ ತಿದ್ದುವ ಹಗುರ ಕೆಲಸ ಕೊಟ್ಟರು. ಯಾವ ಸುತ್ತಿನಲ್ಲಿ ಯಾವ ಯಂತ್ರ ಚಾಲೂ, ಯಾವುದು ಬಂದ್ ಎಂಬ ಪಟ್ಟಿ ಅದು. ದೂರದರ್ಶಕ ಭೂಮಿಯನ್ನು ಒಂದು ಸುತ್ತು ಹಾಕಲು ತೊಂಬತ್ತೈದು ನಿಮಿಷ. ಆರು ಸುತ್ತಿಗೊಮ್ಮೆ ಅದರ ನೆನಪಿನ ಪೆಟ್ಟಿಗೆ ತುಂಬುತ್ತದೆ. ಆಗ ಎರಡನೇ ಪೆಟ್ಟಿಗೆಗೆ ಬದಲಾಯಿಸಿಕೊಳ್ಳುತ್ತದೆ. ಮತ್ತೆ ಆರು ಸುತ್ತಾದ ಮೇಲೆ ಮೊದಲಿನದಕ್ಕೆ.

ಆರು ತೊಂಬತ್ತೈದಲೆ ಐನೂರ ಎಪ್ಪತ್ತು ನಿಮಿಷ. ಒಂಬತ್ತೂವರೆ ಗಂಟೆ. ಹನ್ನೆರಡು ಸುತ್ತಿಗೆ ಹತ್ತೊಂಬತ್ತು ಗಂಟೆ.

ಪೆನ್ನು ಕೆಳಗಿಟ್ಟೆ. ಎಷ್ಟು ಹೊತ್ತು ಕೂತಿದ್ದೆನೋ, ಮೇಡಂ ಬಂದು ಹೆಗಲು ಮುಟ್ಟಿದಾಗ ಆ ಹಾಳೆ ತೋರಿಸಿದೆ. ಅವರು ಪೆನ್ನು ಎತ್ತಿಕೊಂಡು ಆ ಗುಣಾಕಾರವನ್ನು ತಾವೇ ಇನ್ನೊಮ್ಮೆ ಮಾಡಿದರು.

ಮುಂದಿನ ಸರದಿಗೆ ಕಿಟಕಿ ಕತ್ತರಿಸದೆ ಇಡೀ ಬಿಲ್ಲೆಯ ಚಿತ್ರ ತರಿಸಿದೆವು. ಅಂಥ ಚಿತ್ರವನ್ನು ನಾವು ಮೂರು ತಿಂಗಳಿಗೊಮ್ಮೆ ತೆಗೆಯುತ್ತಿದ್ದೆವು. ಆದರೆ ಆ ಹೊತ್ತಿನಲ್ಲಿ ಪೆಟ್ಟಿಗೆ ಬದಲಾಯಿಸದಂತೆ ತಡೆದಿಡುವುದು ನಮ್ಮ ರೂಢಿ, ಚಿತ್ರ ಕೆಡದಿರಲಿ ಎಂದು. ಈ ಸಲ ತಡೆಯಲಿಲ್ಲ. ಪೆಟ್ಟಿಗೆ ಬದಲಾದ ಕ್ಷಣದಲ್ಲಿ ಬಿಲ್ಲೆಯ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಬಿಳಿ ಗೀರು ಎದ್ದಿತು. ನಮ್ಮ ನಕ್ಷತ್ರ ಇದ್ದದ್ದು ಆ ಅಂಚಿನಲ್ಲೇ. ಗೀರು ಅದರ ಮೇಲೆ ಹಾದಿತ್ತು. ಅದರ ಆಚೀಚೆ, ಯಾವ ನಕ್ಷತ್ರವೂ ಇಲ್ಲದ ಕಡೆಯೂ ಅಷ್ಟೇ ಗಟ್ಟಿಯಾಗಿ ಹಾದಿತ್ತು.

ಪೆಟ್ಟಿಗೆ ಬದಲಾಯಿಸುವ ಸ್ವಿಚ್ಚಿನ ವಿದ್ಯುತ್ತು ಬಿಲ್ಲೆಯೊಳಕ್ಕೆ ಸೋರುತ್ತಿತ್ತು, ಒಂದು ಪಿಕ್ಸೆಲ್ಲಿಗೆ ಸಾವಿರದ ಆರುನೂರು ಎಲೆಕ್ಟ್ರಾನ್. ಒಂದು ಪೆಟ್ಟಿಗೆ ಮೂಡಣ, ಇನ್ನೊಂದು ಪಡುವಣ. ಪಡುವಣದವರು ತಾಳಿಕೊಂಡರೆಂದು ಜನ ಕಣ್ಣೀರು ಹಾಕಿದ ಆ ನಲವತ್ತೊಂದು ದಿನವೂ ಎರಡನೇ ಪೆಟ್ಟಿಗೆ ನೆರಳಿನ ಬದಿಗಿತ್ತು. ಸ್ವಿಚ್ಚು ಬಿಸಿಯಾದಷ್ಟೂ ಹೆಚ್ಚು ಸಲ ಸೋರುತ್ತಿತ್ತು, ತಣ್ಣಗಿದ್ದಾಗ ಸೋರುತ್ತಿರಲಿಲ್ಲ; ಆಮೇಲೆ ದೂರದರ್ಶಕ ಮಗ್ಗುಲು ತಿರುಗಿಸಿ ಆ ಬದಿಗೂ ಬಿಸಿಲು ಬಿದ್ದಿತ್ತು. ನಾನು ಕತ್ತರಿಸಿ ಹಾಕಿದ ತೊಂಬತ್ತಾರು ಪಿಕ್ಸೆಲ್ ಕತ್ತಲು ಇದ್ದಿದ್ದರೆ ಮೊದಲ ದಿನವೇ ಆ ಕತ್ತಲಲ್ಲೂ ಗೀರು ಕಾಣುತ್ತಿತ್ತು. ನಾನು ಮಂಡಕ್ಕಿ ತಿಂದು ಮುಗಿಸುವಷ್ಟರಲ್ಲಿ ಅದನ್ನು ದೋಷವೆಂದು ಬರೆದು ಮುಂದಕ್ಕೆ ಹೋಗುತ್ತಿದ್ದೆ.

"ಇನ್ನೆರಡು ಸಲ ನೋಡೋಣ," ಅಂದರು ಮೇಡಂ. ನೋಡಿದೆವು. ಎರಡು ಸಲವೂ ಗೀರು.

"ಶುಕ್ರವಾರ ಹೇಳಿಬಿಡಬೇಕು," ಅಂದರು. "ನಾನೇ ಹೇಳ್ತೀನಿ. ನೀವು ಊರಿಗೆ ಹೋಗಿಬನ್ನಿ."

"ಕಿಟಕಿ ಕತ್ತರಿಸಿದ್ದು ನಾನು ಮೇಡಂ."

"ಸಹಿ ಹಾಕಿದ್ದು ನಾನು."

"ನಾನೇ ಹೇಳ್ತೀನಿ," ಅಂದೆ.

*

ಟಿವಿಯಲ್ಲಿ ಕೇಳುವ ಮೊದಲು ಕೊಟ್ರೇಶನಿಗೆ ನನ್ನ ಬಾಯಿಂದ ಗೊತ್ತಾಗಲಿ ಎಂದು ಜೈಲಿಗೆ ಹೋದೆ. ನಮ್ಮಿಬ್ಬರ ನಡುವೆ ಕೈ ತೂರುವಷ್ಟು ಸಂದಿಯ ಕಂಬಿಗಳಿದ್ದವು. ಅವನ ಕೈಯಲ್ಲಿ ಬಿಳಿ ಪಟ್ಟಿ ಹೊಸದಾಗಿತ್ತು. ಒಳಗೆ ಅವನಿಗೆ ಮರ್ಯಾದೆ ಇತ್ತು. ಮುಂದಿನ ಸೋಮವಾರ ಜಾಮೀನಿನ ವಿಚಾರಣೆ. ಕ್ಷಣದ ಉದ್ವೇಗದಲ್ಲಿ ಆದದ್ದು, ಇವನು ಸ್ವಭಾವದಿಂದ ಸಾಧು ಎಂದು ವಕೀಲರು ವಾದಿಸುವವರಿದ್ದರು.

ಹೇಳಿದೆ. ಪೆಟ್ಟಿಗೆ, ಸ್ವಿಚ್ಚು, ಗೀರು. ಮೋಟಾರು ಸುತ್ತುವವನಿಗೆ ವಿದ್ಯುತ್ತು ಸೋರುವುದೆಂದರೇನೆಂದು ಬಿಡಿಸಿ ಹೇಳಬೇಕಾಗಲಿಲ್ಲ. ತಲೆ ಬಗ್ಗಿಸಿ ಕೇಳಿದ.

"ಅರ್ಥಿಂಗ್ ಸರಿ ಇರ್ಲಿಲ್ಲ."

"ಹಂಗೇ ಅನ್ಕ."

"ಮತ್ತೆ ಅಲ್ಲಿ ಯಾರೂ ಸತ್ತಿಲ್ಲ?"

"ಅಲ್ಲಿ ಯಾರಾರ ಅದಾರಾ ಅನ್ನೋದೇ ಗೊತ್ತಿಲ್ಲ."

"ಹುಡ್ರು?"

"ಇಲ್ಲ ಕೊಟ್ರ."

ಅವನು ತುಂಬ ಹೊತ್ತು ಸುಮ್ಮನಿದ್ದ. ಅಂಥ ಹೊತ್ತುಗಳು ನನಗೆ ಹಿತವೆನಿಸುತ್ತವೆ ಎಂದು ನಾನು ಯಾವಾಗಲೂ ಅಂದುಕೊಂಡಿದ್ದೆ.

"ಆ ಕಿಟಕಿ ಸಣ್ಣದು ಮಾಡ್ದೋರು ಯಾರು?"

"ನಾನೇ."

ಅವನ ಎರಡೂ ಕೈ ಕಂಬಿಯ ಸಂದಿಯಿಂದ ಬಂದು ನನ್ನ ತಲೆಗೂದಲನ್ನು ಹಿಡಿದವು. ಮೊದಲ ಸಲ ಮುಖ ಕಬ್ಬಿಣಕ್ಕೆ ಬಡಿದಾಗ ಮೂಗು ಮುರಿದ ಸದ್ದು ನನಗೆ ಒಳಗಿನಿಂದ ಕೇಳಿಸಿತು. ಎರಡನೇ ಸಲ ಹಲ್ಲು. ಮೂರನೇ ಸಲ ಬಿಸಿಯಾದದ್ದೇನೋ ಕಣ್ಣಿಗೆ ಇಳಿಯಿತು. ನಾನು ಬಿಡಿಸಿಕೊಳ್ಳಲಿಲ್ಲ. ಕಾವಲಿನವನು ಅವನ ಬೆರಳಿನ ಮೇಲೆ ಲಾಠಿ ಬಿಟ್ಟ ಮೇಲೆಯೇ ಹಿಡಿತ ಸಡಿಲವಾದದ್ದು. ದೂರು ಕೊಡುತ್ತೀರಾ ಎಂದು ಜೈಲಿನವರು ಕೇಳಿದರು. ತಲೆಯಾಡಿಸಿ ಬೇಡವೆಂದೆ. ಅವರಿಗೂ ಅದೇ ಬೇಕಾಗಿತ್ತು.

ಮನೆಗೆ ಹೋದರೆ ಅವ್ವ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. ಯಾರು ಎಂದು ಕೇಳಲಿಲ್ಲ. ಬಿಸಿನೀರು ತಂದು ರಕ್ತ ಒರೆಸಿದಳು. ನಾನು ಎಲ್ಲ ಹೇಳಿದೆ.

"ಹೇಳಪ್ಪ. ಲೋಕಕ್ಕೆ ಹೇಳ್ಬೇಕಾದ್ದು ಹೇಳು," ಅಂದಳು. "ಆದ್ರೆ ಈ ಏಟು ಅವಂದು ಅಂತ ಮಾತ್ರ ಹೇಳ್ಬ್ಯಾಡ. ಸೋಮಾರದ ತನಕ."

"ಅವ್ವ..."

"ಬಿದ್ದೆ ಅನ್ನು. ಒಂದ್ ಮಾತು. ನೀ ಯಾವತ್ತೂ ಹೆಚ್ಚಿಗೆ ಮಾತಾಡಿದೋನಲ್ಲ. ನಾನು ಇನ್ನೆಷ್ಟು ದಿನ ಇರ್ತೀನಿ, ಅವನು ಒಂದ್ಸಲ ಮನಿಗೆ ಬಂದು ಉಣ್ಲಿ."

ಆಗಲಿ ಎಂದೆ.

*

ಶುಕ್ರವಾರ ಕೇಂದ್ರದ ಸಭಾಂಗಣ ಪತ್ರಕರ್ತರಿಂದ ತುಂಬಿತ್ತು. ಬಾತುಕೊಂಡ ತುಟಿಯಲ್ಲಿ ನಾನು ಇಪ್ಪತ್ತು ನಿಮಿಷ ವಿವರಿಸಿದೆ. ಗೀರಿನ ಚಿತ್ರ ಗೋಡೆಯ ಮೇಲಿತ್ತು. ಯಾರೂ ಗೋಡೆ ನೋಡುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದುದು ನನ್ನ ಮುಖವನ್ನು.

ಮೊದಲ ಪ್ರಶ್ನೆ: "ನಿಮ್ಮನ್ನ ಹೊಡೆದವರು ಯಾರು ಸರ್?"

"ಬಿದ್ದೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಷ್ಟರಲ್ಲಾಗಲೇ ಫೋನುಗಳಲ್ಲಿ ಸುದ್ದಿ ಓಡುತ್ತಿತ್ತು. ಬಿಳಿಯವರು ವಿಜ್ಞಾನಿಗೆ ಹೊಡೆದು ಯುದ್ಧವೇ ಇಲ್ಲವೆಂದು ಹೇಳಿಸಿದ್ದಾರೆ ಎಂದು ಕೆಂಪಿನವರು ಬರೆದಿದ್ದರು. ಕೆಂಪಿನವರು ಹೇಳಿಸಿದ್ದಾರೆ ಎಂದು ಬಿಳಿಯವರು ಬರೆದಿದ್ದರು. ಮೇಡಂ ತಮ್ಮ ಫೋನನ್ನು ನನ್ನತ್ತ ತಿರುಗಿಸಿದರು. ಯಾವುದೋ ಊರಿನ ಮಾರುಕಟ್ಟೆ ಉರಿಯುತ್ತಿತ್ತು. ಚಿತ್ರದ ಕೆಳಗೆ ನನ್ನ ಒಡೆದ ಮುಖವಿತ್ತು, ಅದರಡಿ 'ಇದಕ್ಕೆ ಉತ್ತರ' ಎಂದು ಬರೆದಿತ್ತು. ಒಳಗೆ ಇಬ್ಬರು ಸಿಕ್ಕಿಕೊಂಡಿದ್ದಾರಂತೆ.

ನಾನು ಎದ್ದು ನಿಂತೆ. ಅವ್ವ ನೋಡುತ್ತಿದ್ದಾಳೆಂದು ಗೊತ್ತಿತ್ತು. ನಾಲಿಗೆ ಮುರಿದ ಹಲ್ಲಿಗೆ ತಾಗಿ ಉರಿಯುತ್ತಿತ್ತು.

"ಬೀಳಲಿಲ್ಲ. ಸುಳ್ಳು ಹೇಳಿದೆ," ಅಂದೆ. "ಹೊಡೆದದ್ದು ನನ್ನ ತಮ್ಮ ಕೊಟ್ರೇಶ. ಬುಧವಾರ, ಜೈಲಿನಲ್ಲಿ. ಅವನು ತಿಮ್ಮೇಶ ಅನ್ನೋರನ್ನ ಕೊಂದು ಅಲ್ಲಿದ್ದಾನೆ. ಯುದ್ಧ ಇರಲಿಲ್ಲ ಅಂತ ನಾನು ಅವನಿಗೆ ಹೇಳಿದೆ. ಅದಕ್ಕೆ ಹೊಡೆದ."

ಪತ್ರಕರ್ತರ ನಡುವೆ ಒಬ್ಬ ಹುಡುಗಿ ಕೈ ಎತ್ತಿದಳು.

"ನಿಮ್ಮ ತಮ್ಮ ಯಾವ ಕಡೆಯವರು ಸರ್?"

*

ಸೋಮವಾರ ಕೋರ್ಟಿನ ಮುಂದೆ ಪೊಲೀಸರು ಬೇಲಿ ಕಟ್ಟಿದ್ದರು. ಮೂರು ದಿನದಲ್ಲಿ ಇನ್ನೂ ಒಂಬತ್ತು ಜನ ಸತ್ತಿದ್ದರು. ನನ್ನ ಮಾತನ್ನು ಅರ್ಧ ಜನ ನಂಬಿದ್ದರು. ಉಳಿದರ್ಧ, ಸ್ವಂತ ತಮ್ಮನ ಮೇಲೆ ಹೇಳುವವನು ಏನು ಬೇಕಾದರೂ ಹೇಳಿಯಾನು ಎಂದರು. ಅವ್ವ ನನ್ನ ಪಕ್ಕ ಕೂರದೆ ಮುಂದಿನ ಸಾಲಿನಲ್ಲಿ ಕೂತಳು. ಅದೇ ಸಾಲಿನ ತುದಿಯಲ್ಲಿ ತಿಮ್ಮೇಶನ ಹೆಂಡತಿ ಸುವರ್ಣ ಇದ್ದಳು. ಹಿಂದೆ ಗೋಡೆಯುದ್ದಕ್ಕೂ ಬಿಳಿ ಪಟ್ಟಿಯ ಇಪ್ಪತ್ತು ಮೂವತ್ತು ಯುವಕರು ಕೂತಿದ್ದರು. ತಮ್ಮ ವೀರನನ್ನು ನೋಡಲು ಬಂದವರು.

ಸರ್ಕಾರಿ ವಕೀಲರು ನನ್ನ ಮಾತಿನ ವಿಡಿಯೊ ಹಾಕಿಸಿದರು. ಜೈಲಿನೊಳಗೇ ಅಣ್ಣನ ಮೇಲೆ ಕೈ ಮಾಡಿದವನು ಹೊರಗೆ ಬಂದರೆ ಏನು ಮಾಡಿಯಾನು ಎಂದು ಕೇಳಿದರು. ನಮ್ಮ ವಕೀಲರು ಎದ್ದು, ಇದಕ್ಕೆ ಸಾಕ್ಷಿಯೇ ಇಲ್ಲ, ಜೈಲಿನ ಪುಸ್ತಕದಲ್ಲಿ ದಾಖಲೆಯಿಲ್ಲ, ಅಣ್ಣ ಯಾರದೋ ಒತ್ತಡಕ್ಕೆ ಸುಳ್ಳು ಹೇಳಿದ್ದಾನೆ ಎಂದರು. ಹಿಂದಿನ ಗೋಡೆಯ ಕಡೆಯಿಂದ ಒಪ್ಪಿಗೆಯ ಗೊಣಗಾಟ ಎದ್ದಿತು. ನ್ಯಾಯಾಧೀಶರು ಕೊಟ್ರೇಶನನ್ನು ನೋಡಿದರು. ಅವನ ಎಡಗೈಯ ಎರಡು ಬೆರಳಿಗೆ ಪಟ್ಟು ಹಾಕಿತ್ತು.

"ನೀನು ಏನಾದರೂ ಹೇಳೋದಿದೆಯೇನಪ್ಪ?"

ವಕೀಲರು ಬೇಡವೆಂದು ಸನ್ನೆ ಮಾಡಿದರು. ಕೊಟ್ರೇಶ ಅವರನ್ನು ನೋಡಲಿಲ್ಲ.

"ನಾನೇ ಹೊಡ್ದಿದ್ದು ಸ್ವಾಮಿ."

"ಯಾಕೆ?"

"ಅವ ನಿಜ ಹೇಳ್ದ."

ಗೊಣಗಾಟ ನಿಂತಿತು.

"ಸುಳ್ಳು ಹೇಳಿದ್ದಿದ್ರೆ ನಾನ್ಯಾಕೆ ಹೊಡೀತಿದ್ದೆ," ಅಂದ ಕೊಟ್ರೇಶ. "ನಕ್ಕು ಸುಮ್ನಾಗ್ತಿದ್ದೆ. ಅವ ಹೇಳಾಕತ್ತಿದ್ದಂಗೆ ಗೊತ್ತಾತು. ತಿಮ್ಮೇಶನ್ನ ಸುಮ್ ಸುಮ್ನೆ ಕೊಂದೆ ಅಂತ ಗೊತ್ತಾತು."

ಜಾಮೀನು ಸಿಗಲಿಲ್ಲ. ಪೊಲೀಸರು ಅವನನ್ನು ನಮ್ಮ ಸಾಲುಗಳ ನಡುವೆ ಕರೆದುಕೊಂಡು ಹೊರಟರು. ಅವ್ವ ಕೈ ಚಾಚಿದಳು, ಅವರು ಮುಟ್ಟಲು ಬಿಡಲಿಲ್ಲ. ಸುವರ್ಣ ಎದ್ದು ದಾರಿಗೆ ಅಡ್ಡ ನಿಂತಳು. ಅವನು ನಿಂತ. ಅವಳು ಅವನ ಮುಖಕ್ಕೆ ಉಗಿದಳು. ಆಮೇಲೆ ಕೈಯೆತ್ತಿ ಕೆನ್ನೆಗೆ ಬಾರಿಸಿದಳು, ಒಂದಲ್ಲ, ಮೂರು ಸಲ. ಪೊಲೀಸರೂ ತಡೆಯಲಿಲ್ಲ.

ಗೋಡೆಯ ಬಳಿಯ ಯುವಕರು ಒಟ್ಟಿಗೆ ಎದ್ದರು. ಒಂದು ಬೆಂಚು ಉರುಳಿತು. ಮುಂದಿದ್ದವನ ಕೈ ಅಂಗಿಯೊಳಕ್ಕೆ ಹೋಗಿದ್ದು ನಾನು ನೋಡಿದೆ.

ಕೊಟ್ರೇಶ ಅವರ ಕಡೆ ತಿರುಗಿದ. ಮುಖದ ಉಗುಳು ಗಲ್ಲದವರೆಗೆ ಇಳಿದಿತ್ತು.

"ಕೂತ್ಕಳ್ರಲೇ," ಅಂದ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಒಬ್ಬೊಬ್ಬರಾಗಿ, ಕೂತರು.